ನೆಲಮಾಳಿಗೆಯ ಗೋಡೆಗೂ ಬಸಿಗಾಲುವೆ ಬೇಕು
(ಯಗಟಿಯಲ್ಲಿ ನಡೆದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬೇಸಾಯಶಾಸ್ತ್ರದ ಅಧ್ಯಾಪಕ, ಕಟ್ಟಡದ ಎಂಜಿನಿಯರ್ ಅಲ್ಲ. ಆದರೂ ಮನೆಯ ಗೋಡೆಯ ವಿಷಯ ಮಾತನಾಡಲು ಒಪ್ಪಿದ್ದೇನೆ. ನೆಲದ ಕೆಳಗಿನ ಗೋಡೆಯ ಆಚೆ ಇರುವುದು ಮಣ್ಣು ಮತ್ತು ನೀರು. ಅದು ನಾನು ಪಾಠ ಹೇಳುವ ವಿಷಯ. ಗೋಡೆಯ ಈಚೆ ಇರುವುದು ನಿಮ್ಮ ವರ್ಷದ ರಾಗಿ.

ಈ ಸೀಮೆಯಲ್ಲಿ ಹಿಂದಿನವರು ಕೊಬ್ಬರಿಯನ್ನು ಅಟ್ಟಕ್ಕೆ ಏರಿಸಿದರು, ರಾಗಿಯನ್ನು ಹಗೇವಿಗೆ ಇಳಿಸಿದರು. ಹಗೇವಿಗೆ ಸಿಮೆಂಟೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಊರಿನಲ್ಲಿ ಎತ್ತರದ, ಗಟ್ಟಿ ನೆಲದ, ನೀರು ನಿಲ್ಲದ ಜಾಗ ಹುಡುಕಿ ತೋಡುತ್ತಿದ್ದರು. ಸುತ್ತ ಒಣಹುಲ್ಲು ಕೊಟ್ಟು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಅವರ ಜಾಣತನವೆಲ್ಲ ಜಾಗದ ಆಯ್ಕೆಯಲ್ಲಿತ್ತು. ನೀರನ್ನು ತಡೆಯಲು ಹೋಗದೆ, ನೀರು ಬಾರದ ಕಡೆಗೆ ತಾವೇ ಹೋದರು. (ಹಳೆಯ ಹಗೇವು ಇನ್ನೂ ಉಳಿದಿದ್ದರೆ ಒಂದು ಎಚ್ಚರಿಕೆ. ಮುಚ್ಚಿಟ್ಟ ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬಿರುತ್ತದೆ. ಇಳಿದವರು ಅಲ್ಲೇ ಉಳಿದ ಉದಾಹರಣೆಗಳಿವೆ. ರಕ್ಷಿಸಲು ಇಳಿದವರೂ ಸತ್ತಿದ್ದಾರೆ. ಬಾಯಿ ತೆರೆದು ಚೆನ್ನಾಗಿ ಗಾಳಿಯಾಡಿಸದೆ, ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಆಳಿಲ್ಲದೆ ಯಾರೂ ಇಳಿಯಬಾರದು. ದೀಪ ಉರಿಯಿತೆಂದು ಧೈರ್ಯ ಪಡಬೇಡಿ.)

ಈಗ ನಾವು ಹಾಗೆ ಜಾಗ ಹುಡುಕುವುದಿಲ್ಲ. ನಿವೇಶನ ಇದ್ದಲ್ಲಿ ಮನೆ. ಇಳಿಜಾರಿದ್ದರೆ ಕೆಳಗೊಂದು ಉಗ್ರಾಣದ ಕೋಣೆ. ಗೋಡೆಗೆ ಸಿಮೆಂಟ್ ಬ್ಲಾಕು. ಬ್ಲಾಕು ಕಲ್ಲಿನಂತೆ ಕಂಡರೂ ಒಳಗೆಲ್ಲ ಸೂಕ್ಷ್ಮ ರಂಧ್ರಗಳು. ಸಿಮೆಂಟು ಕಡಿಮೆ ಹಾಕಿ, ಸರಿಯಾಗಿ ನೀರುಣಿಸದೆ ಮಾಡಿದ ಬ್ಲಾಕಾದರೆ ಹೇಳುವುದೇ ಬೇಡ. ದೀಪದ ಬತ್ತಿ ಎಣ್ಣೆ ಎಳೆದಂತೆ ಅದು ನೀರೆಳೆಯುತ್ತದೆ. ಅಡ್ಡ ಸಂದಿಗೆ ಗಾರೆ ತುಂಬುವ ಕೆಲಸದವರು ನಿಲುವು ಸಂದಿಗೆ ಹೊರಗಿಷ್ಟು ಒಳಗಿಷ್ಟು ಮೆತ್ತಿ ನಡುವೆ ಪೊಳ್ಳು ಬಿಡುವುದುಂಟು. ಪೊಳ್ಳು ಬ್ಲಾಕಿನ ಗೋಡೆಯಾದರೆ ಅದರ ಹೊಟ್ಟೆಯಲ್ಲೇ ನೀರು ನಿಲ್ಲಬಹುದು.

ಒತ್ತಡದ ಮಾತನ್ನೂ ಹೇಳಬೇಕು. ಗೋಡೆಯ ಹಿಂದಿನ ಮಣ್ಣಿನಲ್ಲಿ ಒಂದು ಮೀಟರ್ ಎತ್ತರಕ್ಕೆ ನೀರು ನಿಂತರೆ, ಬುಡದಲ್ಲಿ ಪ್ರತಿ ಚದರ ಮೀಟರಿಗೆ 1,000 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಎರೆ ಭೂಮಿಯಾದರೆ ನೆನೆದು ಉಬ್ಬಿದ ಮಣ್ಣಿನ ತಳ್ಳಾಟ ಬೇರೆ. ಇದನ್ನು ಒಳಗಿನಿಂದ ಬಳಿದ ಅರ್ಧ ಇಂಚಿನ ಗಾರೆ ತಡೆಯಬೇಕೆಂದು ನಾವು ಬಯಸುತ್ತೇವೆ!

ನಾನೂ ಹಾಗೆಯೇ ಬಯಸಿದವನು. ನನ್ನ ಮನೆಯ ಕೆಳಗಿನ ಕೋಣೆಯಲ್ಲಿ ಮೊದಲ ಮಳೆಗಾಲಕ್ಕೇ ಬುಡದಿಂದ ಎರಡಡಿ ತೇವ ಏರಿತು. ಒಳಗೆ ಗಾರೆ ಮಾಡಿಸಿದೆ. ಮರುವರ್ಷ ಅದು ಉಬ್ಬಿ, ಬಿಳಿ ಉಪ್ಪು ಬಿಟ್ಟು, ಹೆಕ್ಕಳಿಕೆಯಾಗಿ ಉದುರಿತು. ದುಬಾರಿ ಬಣ್ಣ ಹೊಡೆಸಿದೆ, ಅದು ಬೊಬ್ಬೆಯೆದ್ದಿತು. ಊರಿನಿಂದ ತಂದಿಟ್ಟಿದ್ದ ನಾಲ್ಕು ಚೀಲ ರಾಗಿಗೆ ಮುಗ್ಗು ವಾಸನೆ ಹಿಡಿಯಿತು. ಮೂರನೆಯ ಮಳೆಗಾಲದಲ್ಲಿ ಕೊಡೆ ಹಿಡಿದು ಮನೆ ಸುತ್ತಿದೆ. ಆಗ ಕಂಡಿತು: ತಾರಸಿಯ ನೀರೆಲ್ಲ ಕೊಳವೆಯಲ್ಲಿಳಿದು ಅದೇ ಗೋಡೆಯ ಮೂಲೆಗೆ ಸುರಿಯುತ್ತಿತ್ತು. 1,000 ಚದರಡಿ ತಾರಸಿಯ ಮೇಲೆ ಒಂದು ಇಂಚು ಮಳೆಯಾದರೆ 2,300 ಲೀಟರಿಗೂ ಹೆಚ್ಚು ನೀರು. ಮಣ್ಣು ನೀರಿನ ಪಾಠ ಹೇಳುವವನು ಅಷ್ಟನ್ನೂ ಸ್ವಂತ ಗೋಡೆಗೆ ಕುಡಿಸುತ್ತಿದ್ದೆ.

ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಖರ್ಚು. ಗೋಡೆಯ ಒಂದು ಭಾಗವನ್ನು ಒಣಬಟ್ಟೆಯಿಂದ ಒರೆಸಿ, ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈ, ಅಂದರೆ ಕೋಣೆಯ ಕಡೆಗೆ, ಬೆವೆತಿದ್ದರೆ ಅದು ಗಾಳಿಯ ತೇವ, ಕಿಟಕಿಯೇ ಔಷಧ. ಹಾಳೆಯ ಹಿಂದೆ ನೀರಿದ್ದರೆ ಗೋಡೆಯೇ ಜಿನುಗುತ್ತಿದೆ.

ಜಿನುಗುವ ಗೋಡೆಗೆ ಮೊದಲ ಚಿಕಿತ್ಸೆ ನೆಲದ ಮೇಲೆಯೇ ಇದೆ. ತಾರಸಿ ನೀರನ್ನು ದೂರ ಒಯ್ಯಿರಿ; ತೊಟ್ಟಿಗೋ ತೆಂಗಿನ ಸಾಲಿಗೋ ಬಿಟ್ಟರೆ ಇನ್ನೂ ಒಳ್ಳೆಯದು. ಮಳೆ ಕಡಿಮೆಯಾದ ಕಡೂರಿನಲ್ಲಿ ಗೋಡೆಗೆ ನೀರುಣಿಸುವಷ್ಟು ಶ್ರೀಮಂತರು ನಾವಲ್ಲ. ಗೋಡೆಯಿಂದ ಹತ್ತಡಿವರೆಗೆ ನೆಲಕ್ಕೆ ಆರು ಇಂಚು ವಾಟ ಕೊಡಿ. ಬಚ್ಚಲ ನೀರು, ಗೋಡೆಗಂಟಿದ ಬಾಳೆಗುಂಡಿ, ಎಲ್ಲವನ್ನೂ ಸರಿಸಿ. ಎಷ್ಟೋ ಮನೆಗಳಲ್ಲಿ ಇಷ್ಟರಲ್ಲೇ ತೇವ ನಿಲ್ಲುತ್ತದೆ.

ನಿಲ್ಲದಿದ್ದರೆ ಹೊರಗಿನಿಂದ ಅಗೆಯಬೇಕು. ಇದು ಬೇಸಿಗೆಯ ಕೆಲಸ. ಗೋಡೆಯುದ್ದಕ್ಕೂ ಒಮ್ಮೆಗೇ ಅಗೆಯದೆ ತುಂಡು ತುಂಡಾಗಿ ತೆಗೆಯಿರಿ. ಪಾಯದ ತಳಕ್ಕಿಂತ ಕೆಳಗೆ ಹೋಗಬೇಡಿ. ಎದೆಯುದ್ದದ ಚರಂಡಿಯ ಅಂಚು ಜಾರುವಂತಿದ್ದರೆ ಆಳನ್ನು ಇಳಿಸಬೇಡಿ. ಗೋಡೆಯೇ ಒಳಕ್ಕೆ ಉಬ್ಬಿದ್ದರೆ ಅಥವಾ ಅಡ್ಡ ಬಿರುಕಿದ್ದರೆ ನನ್ನ ಮಾತು ಸಾಲದು, ಎಂಜಿನಿಯರನ್ನು ಕರೆಸಿ.

ಹೊರಗೋಡೆಯನ್ನು ಉಜ್ಜಿ ಸಂದಿ ತುಂಬಿಸಿ, ಗೋಡೆ ಪಾಯ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿಸಿ. ಒಂದಕ್ಕೆ ನಾಲ್ಕರ ಗಾರೆಗೆ ಜಲನಿರೋಧಕ ದ್ರಾವಣವನ್ನು ಡಬ್ಬಿಯ ಮೇಲಿನ ಅಳತೆಯಂತೆ ಬೆರೆಸಿ, ಎರಡು ಪದರ ಬಳಿಸಿ, ವಾರವಾದರೂ ನೀರು ಹಾಕಿ. ಪೂರ್ತಿ ಒಣಗಿದ ಮೇಲೆ ಬಿಟುಮೆನ್ ಎರಡು ಸಲ, ಮೊದಲನೆಯದು ಆರಿದ ನಂತರವೇ ಎರಡನೆಯದು. ಮಣ್ಣು ತುಂಬುವಾಗ ಕಲ್ಲು ತಾಗಿ ಲೇಪ ಕಿತ್ತುಹೋಗದಂತೆ ರಕ್ಷಣೆ ಬೇಕು.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ಮಣ್ಣು ಮುಚ್ಚುವವರೇ ಹೆಚ್ಚು. ಮಲೆನಾಡಿನ ಅಡಿಕೆ ತೋಟವನ್ನು ನೆನಪಿಸಿಕೊಳ್ಳಿ. ಅಲ್ಲಿ ಬೇರು ಕೊಳೆಯದಂತೆ ಕಾಯುವುದು ಬಸಿಗಾಲುವೆ. ಗೋಡೆಯ ಬುಡಕ್ಕೂ ಅದೇ ಬೇಕು. ನಾಲ್ಕು ಇಂಚಿನ ತೂತಿನ ಕೊಳವೆಯನ್ನು, ತೂತು ಕೆಳಮುಖವಾಗಿ, ಹತ್ತಡಿಗೆ ಒಂದೂಕಾಲು ಇಂಚು ವಾಟದಲ್ಲಿ ಮಲಗಿಸಿ. ಸುತ್ತ ಜಲ್ಲಿ ತುಂಬಿ, ಮಣ್ಣು ಸೇರದಂತೆ ಜಲ್ಲಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ. ಕೊಳವೆಯ ತುದಿ ತಗ್ಗಿನಲ್ಲಿ ಹೊರಗೆ ಬರಬೇಕು. ಇಲಿ ಹೋಗದಂತೆ ಜಾಲರಿ ಹಾಕಿ. ತಗ್ಗೇ ಇಲ್ಲದ ಸಮತಟ್ಟು ನಿವೇಶನದಲ್ಲಿ ಗುಂಡಿ ಮಾಡಿ ಪಂಪಿನಿಂದ ಎತ್ತಬೇಕಾಗುತ್ತದೆ. ಕೆರೆಯ ಹಿಂದಿನ ಮನೆಗಳಿಗಂತೂ ನೆಲಮಾಳಿಗೆಯೇ ಬೇಡವೆಂದು ನನ್ನ ಸಲಹೆ. 2023ರಂಥ ಬರದ ವರ್ಷ ಒಣಗಿ ಕಂಡ ನೆಲವನ್ನು ನಂಬಿ ಪಾಯ ತೆಗೆದವರು, ಕೆರೆ ತುಂಬಿದ ವರ್ಷ ಅಂತರ್ಜಲ ಎಲ್ಲಿಗೆ ಏರುತ್ತದೆಂದು ಹಿರಿಯರನ್ನು ಕೇಳಬೇಕು.

ಪಕ್ಕದ ಮನೆ ಅಂಟಿಕೊಂಡು ಹೊರಗೆ ಅಗೆಯಲಾಗದಿದ್ದರೆ ಹಳೆಯ ಬಣ್ಣವೆಲ್ಲ ಕೆರೆದು, ಬರಿಯ ಬ್ಲಾಕಿನ ಮೇಲೆ ಸಿಮೆಂಟ್ ಆಧಾರದ ಜಲನಿರೋಧಕ ಲೇಪ ಕೊಡಬಹುದು. ನೀರು ಒಳಗೆ ಬರುವುದು ತಗ್ಗೀತು, ಗೋಡೆ ಮಾತ್ರ ಒದ್ದೆಯಾಗಿಯೇ ಇರುತ್ತದೆ. ಅಂಥ ಕೋಣೆಯಲ್ಲಿ ಕಾಳು ಇಡಬೇಡಿ. ರಾಗಿಯಾದರೆ ಮುಗ್ಗುತ್ತದೆ, ಕಡಲೆಕಾಯಿಯಾದರೆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ತೊಳೆದರೂ ಬೇಯಿಸಿದರೂ ಅದು ಹೋಗುವುದಿಲ್ಲ.

ನನ್ನ ಗೋಡೆ ಆರಲು ಇಡೀ ಒಂದು ಬೇಸಿಗೆ ಹಿಡಿಯಿತು. ಮಳೆಗಾಲದಲ್ಲಿ ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದೆ. ಹಿಂಬದಿ ಒಣಗಿತ್ತು. ಆ ನಂತರವೇ, ತೇವಾಂಶ ಶೇಕಡಾ 12 ಮೀರದಂತೆ ಒಣಗಿಸಿದ ರಾಗಿಯನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಇಟ್ಟೆ. ನಿಮ್ಮಲ್ಲಿ ಕೆಲವರು ಮನೆಯ ನಕ್ಷೆ ತಂದಿದ್ದೀರೆಂದು ತಿಳಿಯಿತು. ಊಟದ ನಂತರ ಒಂದೊಂದಾಗಿ ನೋಡೋಣ. ತಾರಸಿ ನೀರು ಯಾವ ಮೂಲೆಗೆ ಬೀಳುತ್ತದೆಂಬುದನ್ನು ಗುರುತು ಮಾಡಿಟ್ಟಿರಿ.