ಒಡೆಯನಿಲ್ಲದ ಒಮ್ಮತ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದಲ್ಲಿ ಭಿನ್ನಾಭಿಪ್ರಾಯ ತಲೆದೋರಿದರೆ ಅಧ್ಯಕ್ಷರು ಕೈ ಎತ್ತಿಸಿ ಎಣಿಸುತ್ತಾರೆ. ಕಾರ್ಯದರ್ಶಿಗಳು ನಡವಳಿಕೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿಗೆ ವಿಷಯ ಮುಗಿಯಿತು. ಆದರೆ ಅಧ್ಯಕ್ಷರೇ ಇಲ್ಲದೆ, ಸದಸ್ಯರೆಲ್ಲ ಬೇರೆ ಬೇರೆ ಊರುಗಳಲ್ಲಿದ್ದು, ಓಲೆಗಳ ಮೂಲಕವೇ ತೀರ್ಮಾನಿಸಬೇಕಾಗಿ ಬಂದರೆ? ಅವರಲ್ಲಿ ಕೆಲವರು ಸುಳ್ಳರೂ ಆಗಿದ್ದರೆ? ಗಣಕಯಂತ್ರಗಳ ಜಾಲದಲ್ಲಿ ಎದುರಾಗುವ ಪ್ರಶ್ನೆ ಇದೇ. ಅದನ್ನು ಕುರಿತು ನಾಲ್ಕು ಮಾತು ಹೇಳಲು ನಾವು ಇಲ್ಲಿ ನಿಂತಿದ್ದೇವೆ.

ಲೆಕ್ಕದ ಪುಸ್ತಕವನ್ನು ಒಂದೇ ಯಂತ್ರದಲ್ಲಿ ಇಟ್ಟರೆ, ಅದು ಕೆಟ್ಟ ದಿನ ವ್ಯವಹಾರವೆಲ್ಲ ನಿಲ್ಲುತ್ತದೆ. ಅದರ ಒಡೆಯನು ಅಂಕಿ ತಿದ್ದಿದರೆ ಕೇಳುವವರಿಲ್ಲ. ಆದುದರಿಂದ ಸಮಾನರಾದ ಹಲವು ಯಂತ್ರಗಳಲ್ಲಿ ಅದರ ಪ್ರತಿಗಳನ್ನು ಇಡುವುದುಂಟು. ಆ ಪ್ರತಿಗಳೆಲ್ಲ ಒಂದೇ ಆಗಿರುವಂತೆ ಮಾಡುವುದೇ ಕಷ್ಟದ ಕೆಲಸ.

1982ರಲ್ಲಿ ಲ್ಯಾಂಪೋರ್ಟ್, ಶೋಸ್ಟಾಕ್, ಪೀಸ್ ಎಂಬ ಮೂವರು ವಿದ್ವಾಂಸರು ಇದನ್ನು ಬೈಜಾಂಟಿಯಮ್ ಸೇನಾಪತಿಗಳ ಕಥೆಯಾಗಿ ನಿರೂಪಿಸಿದರು. ಸೇನಾಪತಿಗಳು ಪಟ್ಟಣವೊಂದನ್ನು ಮುತ್ತಿ ಬೇರೆ ಬೇರೆ ಪಾಳೆಯಗಳಲ್ಲಿದ್ದಾರೆ. ದೂತರ ಬಾಯಿಮಾತೇ ಅವರಿಗೆ ಆಧಾರ. ನಮ್ಮನ್ನೂ ಸೇರಿಸಿ ಮೂವರಿದ್ದೇವೆ ಎನ್ನಿ. ಹಿರಿಯನು ನಮಗೆ “ದಾಳಿ ಮಾಡು” ಎಂದು ಹೇಳಿಕಳುಹಿಸಿದ. ಮೂರನೆಯವನು “ನನಗೆ ಹಿಮ್ಮೆಟ್ಟೆಂದು ಅಪ್ಪಣೆಯಾಗಿದೆ” ಎಂದ. ಹಿರಿಯನು ಇಬ್ಬರಿಗೆ ಎರಡು ಮಾತು ಹೇಳಿದನೊ, ಮೂರನೆಯವನೇ ಸುಳ್ಳಾಡಿದನೊ, ತಿಳಿಯುವ ಬಗೆಯೇ ಇಲ್ಲ. ನಾಲ್ಕನೆಯವನೊಬ್ಬನಿದ್ದರೆ ಅವನ ಮಾತನ್ನೂ ಕೂಡಿಸಿ ಬಹುಮತ ತಿಳಿಯಬಹುದು. ಒಬ್ಬ ದ್ರೋಹಿಯಿದ್ದಲ್ಲಿ ಒಟ್ಟು 4 ಮಂದಿ ಬೇಕು, ಇಬ್ಬರಿದ್ದಲ್ಲಿ 7 ಮಂದಿ ಬೇಕು ಎಂಬುದು ಅವರ ಸಿದ್ಧಾಂತ.

ಓಲೆ ಎಷ್ಟು ಹೊತ್ತಿಗೆ ತಲುಪೀತೆಂಬ ಗಡುವಿಲ್ಲದಿದ್ದರಂತೂ ತೊಡಕು ಇನ್ನೂ ಹೆಚ್ಚು. ಉತ್ತರ ಬಾರದವನು ಸತ್ತನೊ, ನಿಧಾನಿಸಿದನೊ, ಹೇಳುವುದು ಹೇಗೆ? ಅಂಥಲ್ಲಿ ಒಬ್ಬನೇ ಒಬ್ಬನು ನಿಂತುಹೋಗಬಹುದಾದರೂ ಸಾಕು, ತೀರ್ಮಾನ ಆಗಿಯೇ ಆಗುವುದೆಂದು ಖಾತರಿ ಕೊಡುವ ನಿಶ್ಚಿತ ನಿಯಮ ಇರಲಾರದೆಂದು 1985ರಲ್ಲಿ ಫಿಷರ್, ಲಿಂಚ್, ಪ್ಯಾಟರ್ಸನ್ ಸಾಧಿಸಿ ತೋರಿಸಿದರು.

ಸದಸ್ಯರ ಪಟ್ಟಿ ಗೊತ್ತಿದ್ದಾಗ ತಲೆ ಎಣಿಸಬಹುದು. ಯಾರು ಬೇಕಾದರೂ ಸೇರಬಹುದಾದ ಜಾಲದಲ್ಲಿ ಒಬ್ಬನೇ ಸಾವಿರ ಹೆಸರಿಟ್ಟುಕೊಂಡು ಸಾವಿರ ಕೈ ಎತ್ತಿಯಾನು! 2008ರಲ್ಲಿ ಸತೋಶಿ ನಾಕಾಮೊಟೊ ಎಂಬ ಹೆಸರಿನಿಂದ ಹೊರಬಂದ ಪ್ರಬಂಧವು, ತಲೆಗೆ ಬದಲು ಯಂತ್ರದ ದುಡಿಮೆಯನ್ನೇ ಎಣಿಸುವ ಉಪಾಯವನ್ನು ಹೇಳಿತು. ಕಠಿನವಾದ ಲೆಕ್ಕವೊಂದನ್ನು ಬಿಡಿಸಿದವನು ಪುಸ್ತಕಕ್ಕೆ ಒಂದು ಪುಟ ಸೇರಿಸಿ ಪ್ರತಿಫಲ ಪಡೆಯುತ್ತಾನೆ; ಅತಿ ಹೆಚ್ಚು ದುಡಿಮೆ ಕಂಡ ಪುಸ್ತಕವೇ ಎಲ್ಲರಿಗೂ ಪ್ರಮಾಣ. 2009ರ ಜನವರಿಯಲ್ಲಿ ಮೊದಲಾದ ಬಿಟ್‌ಕಾಯಿನ್ ಹೀಗೆಯೇ ನಡೆದು ಬಂದಿದೆ.

ಆದರೆ 2013ರ ಮಾರ್ಚಿಯಲ್ಲಿ ಒಂದು ಪೇಚು ಒದಗಿತು. ಹೊಸದೊಂದು ಪುಟವನ್ನು ಹೊಸ ತಂತ್ರಾಂಶದ ಯಂತ್ರಗಳು ಒಪ್ಪಿದವು; ಹಳೆಯ ತಂತ್ರಾಂಶದ ಹಲವು ಯಂತ್ರಗಳು ಅದನ್ನು ತಳ್ಳಿಹಾಕಿದವು. ಪುಸ್ತಕ ಎರಡಾಗಿ ಕವಲೊಡೆಯಿತು. ಅದೇ ವೇಳೆಗೆ ಒಂದೇ ಹಣವನ್ನು ಎರಡು ಬಾರಿ ಖರ್ಚುಮಾಡಿದ ಪ್ರಸಂಗವೂ ನಡೆಯಿತು. ದುಡಿಮೆಯ ಸುಮಾರು ನೂರಕ್ಕೆ 60 ಪಾಲು ಹೊಸದರ ಕಡೆಗೇ ಇತ್ತು. ಹಾಗಾಗಿ ಹೊಸ ಕವಲೇ ಮುಂದೆ ಸಾಗುತ್ತಿತ್ತು. ಆದರೆ ಹಳೆಯ ಯಂತ್ರಗಳು ಅದನ್ನು ಎಂದಿಗೂ ಒಪ್ಪುವಂತಿರಲಿಲ್ಲ. ಆಗ ಹೊಸ ಪಕ್ಷದ ಎರಡು ದೊಡ್ಡ ಗುಂಪುಗಳು ತಾವಾಗಿ ಹಳೆಯ ತಂತ್ರಾಂಶಕ್ಕೆ ಮರಳಿದವು. ಹೊಸ ಕವಲಿನ ಪುಟಗಳೂ ಅವುಗಳ ಪ್ರತಿಫಲವೂ ಕೈಬಿಟ್ಟುಹೋದವು. ಕೆಲವೇ ಗಂಟೆಗಳಲ್ಲಿ ಪುಸ್ತಕ ಮತ್ತೆ ಒಂದಾಯಿತು.

ಈ ಪ್ರಸಂಗ ನಮ್ಮ ಮನಸ್ಸಿನಲ್ಲಿ ನಿಂತಿದೆ. ಹೆಚ್ಚು ದುಡಿಮೆಯೇ ಪ್ರಮಾಣವೆಂದು ನಿಯಮ ಹೇಳುತ್ತಿತ್ತು. ಆ ಬಲವಿದ್ದವರು ಅದನ್ನು ಹಿಡಿದುಕೊಂಡು ಕೂತಿದ್ದರೆ ಕವಲು ಬೆಳೆಯುತ್ತಲೇ ಹೋಗುತ್ತಿತ್ತು. ನಷ್ಟವನ್ನು ನುಂಗಿಕೊಳ್ಳುವ ಮನಸ್ಸು ನಿಯಮದಿಂದ ಬರುವಂಥದಲ್ಲ. ಅದನ್ನು ಯಂತ್ರದ ಹಿಂದೆ ಕುಳಿತ ಮನುಷ್ಯರೇ ತಂದುಕೊಡಬೇಕಾಯಿತು. ನಮ್ಮ ಸಭೆಗಳಲ್ಲಿ ಬಹುಮತ ನಮ್ಮ ಕಡೆಗಿರುವ ದಿನ ಇದನ್ನು ನೆನೆದರೆ ಒಳ್ಳೆಯದು.