ನೂಲಿನಂತೆ ಸೀರೆ ಸರಿ, ಮಗ್ಗ ಯಾರದ್ದು?

ನಾನು ಪುಣೆಯಲ್ಲಿದ್ದುಕೊಂಡು ಆರೋಗ್ಯ ವಿಜ್ಞಾನದ ವಿಷಯಗಳನ್ನು ಜನರಿಗೆ ತಿಳಿಸಿ ಹೇಳುವ ಕೆಲಸ ಮಾಡ್ತೀನಿ. ಒಂದು ದಿನ ಕನ್ನಡ ಸಂಘದಲ್ಲಿ ಕನ್ನಡ, ಮರುದಿನ ಹಳ್ಳಿಯ ಅಂಗನವಾಡಿಯಲ್ಲಿ ಮರಾಠಿ, ಇನ್ನೊಂದು ದಿನ ಐಟಿ ಕಂಪನಿಯಲ್ಲಿ ಇಂಗ್ಲಿಷ್. ಈಚೆಗೆ ಎಲ್ಲ ಕಡೆಯೂ ಕೇಳಿಬರುವ ಒಂದು ಶಬ್ದ ಎಪಿಜೆನೆಟಿಕ್ಸ್. ಅದು ಏನು ಅಂತ ಇವತ್ತು ಹೇಳ್ತೀನಿ. ಅದನ್ನು ಹೇಳುವ ರೀತಿ ಕೆಟ್ಟರೆ ಪೆಟ್ಟು ಯಾರಿಗೆ ಬೀಳತ್ತೆ ಅನ್ನೋದನ್ನೂ ಹೇಳ್ತೀನಿ.

ಮೊದಲು ವಿಜ್ಞಾನ. ನಮ್ಮ ಕಣ್ಣಿನ ಜೀವಕೋಶದಲ್ಲೂ ಯಕೃತ್ತಿನ ಜೀವಕೋಶದಲ್ಲೂ ಇರೋದು ಒಂದೇ ಡಿಎನ್‌ಎ, ಅದೇ ಸುಮಾರು 20,000 ಜೀನ್‌ಗಳು. ಆದರೂ ಕಣ್ಣು ಕಣ್ಣೇ, ಯಕೃತ್ತು ಯಕೃತ್ತೇ. ಯಾಕಂದ್ರೆ ಯಾವ ಜೀನ್ ಎಲ್ಲಿ ಎಷ್ಟು ಕೆಲಸ ಮಾಡಬೇಕು ಅನ್ನೋದನ್ನು ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳು ಹತೋಟಿಯಲ್ಲಿಡುತ್ತವೆ. ಒಂದು ಕಾರ್ಬನ್, ಮೂರು ಹೈಡ್ರೋಜನ್ ಸೇರಿದ ಮೀಥೈಲ್ ಅಂಥ ಒಂದು ಗುರುತು. ಡಿಎನ್‌ಎಯ ಅಕ್ಷರ ಬದಲಾಗಲ್ಲ, ಕೆಲಸದ ಪ್ರಮಾಣ ಬದಲಾಗತ್ತೆ. ಫ್ಯಾನ್ ಅದೇ, ರೆಗ್ಯುಲೇಟರ್ ಬೇರೆ ಬೇರೆ ನಂಬರಿನಲ್ಲಿದೆ ಅಂದ್ಕೊಳ್ಳಿ. ಊಟ, ಸಿಗರೇಟಿನ ಹೊಗೆ, ವಯಸ್ಸು ಇವೆಲ್ಲ ಈ ಗುರುತುಗಳನ್ನು ಬದಲಿಸಬಲ್ಲವು.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ನೆದರ್ಲೆಂಡ್ಸ್‌ನ 1944-45ರ ಚಳಿಗಾಲ. ಜರ್ಮನ್ ಸೇನೆ ಆಹಾರ ಸಾಗಣೆ ತಡೆದಿತ್ತು. ಆಮ್‌ಸ್ಟರ್‌ಡ್ಯಾಮಿನಂಥ ನಗರಗಳಲ್ಲಿ ಒಬ್ಬರ ದಿನದ ಪಡಿತರ 1,000 ಕ್ಯಾಲೊರಿಗಿಂತ ಕೆಳಗಿಳಿಯಿತು. ಆ ಹಸಿವಿನ ದಿನಗಳಲ್ಲಿ ತಾಯಿ ಬಸಿರಾಗಿ ಹುಟ್ಟಿದ 60 ಮಂದಿಯನ್ನು ಅವರದೇ ಒಡಹುಟ್ಟಿದವರ ಜೊತೆ ಹೋಲಿಸಿದ ಅಧ್ಯಯನ 2008ರಲ್ಲಿ ಬಂತು. ಆರು ದಶಕ ಕಳೆದ ಮೇಲೂ ಐಜಿಎಫ್2 ಅನ್ನುವ ಜೀನಿನ ಮೇಲೆ ಮೀಥೈಲ್ ಗುರುತು ಕಡಿಮೆ ಇತ್ತು. ಕೇಳಿದರೆ ಮೈ ಜುಮ್ಮೆನ್ನತ್ತೆ, ಅಲ್ವಾ? ಆದರೆ ಪೂರ್ತಿ ಕೇಳಿ. ವ್ಯತ್ಯಾಸ ಸರಾಸರಿ ಶೇಕಡಾ 5ರ ಆಸುಪಾಸು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹಸಿವು ಕಂಡವರಲ್ಲಿ ಅದೂ ಕಾಣಲಿಲ್ಲ. ಈ ಗುರುತಿನಿಂದಲೇ ಕಾಯಿಲೆ ಬಂತು ಅಂತಲೂ ಆ ಅಧ್ಯಯನ ಹೇಳಲಿಲ್ಲ.

ಇದೇ ಕಥೆಯನ್ನು ನಾನು ಮೂರು ಕಡೆ ಹೇಳಿದಾಗ ಮೂರು ಬೇರೆ ಬೇರೆ ಪ್ರಶ್ನೆ ಬಂದವು.

ಅಂಗನವಾಡಿಯಲ್ಲಿ ಒಬ್ಬ ಅಜ್ಜಿ ಪಕ್ಕದಲ್ಲಿದ್ದ ಸೊಸೆಯನ್ನು ತೋರಿಸಿ ಕೇಳಿದರು: "ಅಂದ್ರೆ ನಮ್ಮ ಮೊಮ್ಮಗ ತೂಕ ಕಡಿಮೆ ಹುಟ್ಟಿದ್ದು ಇವಳಿಂದಲೇ ತಾನೇ?" ಸೊಸೆ ತಲೆ ತಗ್ಗಿಸಿದಳು. ಐಟಿ ಕಂಪನಿಯಲ್ಲಿ ಒಬ್ಬರು, "ಯಾವ ಸಪ್ಲಿಮೆಂಟ್ ತಗೊಂಡ್ರೆ ಜೀನ್ ರೀಸೆಟ್ ಆಗತ್ತೆ?" ಅಂದರು. ಒಂದು ವಿದ್ಯಾರ್ಥಿ ಹಾಸ್ಟೆಲ್‌ನಲ್ಲಿ ಹುಡುಗನೊಬ್ಬ ಎದ್ದು ನಿಂತ: "ಮೇಡಂ, ನಮ್ಮ ಅಜ್ಜ ಮುತ್ತಜ್ಜರೆಲ್ಲ ಹಸಿದೇ ಬದುಕಿದವರು. ಹಾಗಾದ್ರೆ ನಾವು ಹುಟ್ಟುವಾಗಲೇ ಕೆಟ್ಟು ಬಂದವರಾ?"

ಅಜ್ಜಿಯ ಮಾತು ನಮಗೂ ಹೊಸದಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ನಾವೂ ಹೇಳ್ತಾ ಬಂದಿದ್ದೀವಿ. ಆದರೆ ನೂಲು ತಾನಾಗಿ ಸೀರೆ ಆಗಲ್ಲ. ನಡುವೆ ಒಂದು ಮಗ್ಗ ಇದೆ.

ಆ ಮಗ್ಗ ನೋಡೋಕೆ ದೂರ ಹೋಗಬೇಕಿಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಇಲ್ಲಿನ ಆರು ಹಳ್ಳಿಗಳಲ್ಲಿ ತಾಯಂದಿರ ಪೋಷಣೆಯ ಅಧ್ಯಯನ ಶುರು ಮಾಡಿದರು. ಅದು ಎಪಿಜೆನೆಟಿಕ್ಸ್‌ಗೆಂದೇ ಶುರುವಾದದ್ದಲ್ಲ, ಆದರೆ ಈ ಪ್ರಶ್ನೆಗೆ ಬೇಕಾದ್ದು ಅಲ್ಲಿದೆ. ಆ ಕೂಸುಗಳ ಸರಾಸರಿ ತೂಕ 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದ್ದು 3.5. ಹಸಿರು ಸೊಪ್ಪು, ಹಣ್ಣು, ಹಾಲು ಹೆಚ್ಚು ಸಿಕ್ಕ ತಾಯಂದಿರ ಕೂಸುಗಳು ದೊಡ್ಡವು. ಹೊಲದ್ದೂ ಮನೆಯದ್ದೂ ದುಡಿಮೆ ಹೆಚ್ಚಾದ ತಾಯಂದಿರ ಕೂಸುಗಳು ಚಿಕ್ಕವು.

ಹಾಗಾಗಿ ಅಜ್ಜಿಯನ್ನೇ ಕೇಳಿದೆ: "ಆಜಿ, ಬಸಿರಿಯಾಗಿದ್ದಾಗ ನಿಮ್ಮ ಸೊಸೆ ದಿನಕ್ಕೆ ಎಷ್ಟು ಕೊಡ ನೀರು ಹೊರ್ತಿದ್ಲು?" ಅಜ್ಜಿ ಲೆಕ್ಕ ಹಾಕಿ, "ನಲ್ಲಿಯಲ್ಲಿ ನೀರೇ ಬರಲ್ಲ, ಇನ್ನೇನು ಮಾಡ್ತಾಳೆ ಪಾಪ," ಅಂದರು. ಉತ್ತರ ಅವರ ಬಾಯಲ್ಲೇ ಬಂತು.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಹಾರ್ವರ್ಡ್‌ನ ಸಾರಾ ರಿಚರ್ಡ್‌ಸನ್ ಮತ್ತು ಸಹಲೇಖಕರು 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ಈ ಸಂಶೋಧನೆಯ ಹೆಸರಲ್ಲಿ ತಾಯಂದಿರನ್ನು ದೂರಬೇಡಿ ಅಂತ ಬರೆದರು. ಇಲಿಗಳಲ್ಲಿ ತಂದೆಯ ಆಹಾರವೂ ಮರಿಗಳ ಮೇಲೆ ಪರಿಣಾಮ ಬೀರೋದು ಕಂಡಿದೆ. ಆದರೂ ಸುದ್ದಿಯ ತಲೆಬರಹದಲ್ಲಿ ಯಾವಾಗಲೂ ಅಮ್ಮನೇ ಇರ್ತಾಳೆ.

ಇನ್ನು ಸಪ್ಲಿಮೆಂಟ್. ಆರೋಗ್ಯವಂತರ ಎಪಿಜೆನೆಟಿಕ್ ಗುರುತುಗಳನ್ನು ಬೇಕಾದ ಹಾಗೆ ತಿದ್ದಿಕೊಡುವ ಮಾತ್ರೆ ಇಲ್ಲ. ಆ ಕೆಲಸ ಮಾಡುವ ಗರ್ಭಸಂಸ್ಕಾರದ ಕ್ಲಾಸೂ ಇಲ್ಲ. ಬಸಿರಿಯರಿಗೆ ಡಾಕ್ಟರು ಬರೆದುಕೊಡುವ ಫೋಲಿಕ್ ಆಮ್ಲ ಬೇರೆ ಮಾತು. ಅದು ಮಗುವಿನ ಬೆನ್ನುಹುರಿಯ ದೋಷ ತಡೆಯತ್ತೆ, ದಯವಿಟ್ಟು ಬಿಡಬೇಡಿ. ಆದರೆ ಜಾಸ್ತಿ ತಗೊಂಡಷ್ಟೂ ಒಳ್ಳೇದು ಅನ್ನೋದು ಸರಿಯಲ್ಲ. ಅದೇ ಪುಣೆ ಅಧ್ಯಯನದಲ್ಲಿ ತಾಯಿಗೆ ಬಿ12 ಕಡಿಮೆ, ಫೋಲೇಟ್ ಹೆಚ್ಚು ಇದ್ದ ಮಕ್ಕಳಲ್ಲೇ ಆರನೇ ವಯಸ್ಸಿನಲ್ಲಿ ಇನ್ಸುಲಿನ್‌ಗೆ ಪ್ರತಿರೋಧ ಎಲ್ಲರಿಗಿಂತ ಹೆಚ್ಚಿತ್ತು.

ಕೊನೆಗೆ ಆ ಹುಡುಗನ ಪ್ರಶ್ನೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರದ್ದು ಅದೇ. ಭ್ರೂಣ ಬೆಳೆಯುವ ಮೊದಲ ಹಂತದಲ್ಲೇ ಈ ಗುರುತುಗಳಲ್ಲಿ ಬಹುಪಾಲು ಅಳಿಸಿಹೋಗಿ ಹೊಸದಾಗಿ ಬೀಳುತ್ತವೆ. ಮನುಷ್ಯರಲ್ಲಿ ಮುತ್ತಜ್ಜನ ಹಸಿವು ಈ ಗುರುತುಗಳ ಮೂಲಕ ಮರಿಮಗನವರೆಗೆ ಇಳಿದು ಬರತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಆ ಹುಡುಗನಿಗೆ ಹೇಳಿದೆ: "ನೀನು ಕೆಟ್ಟು ಬಂದವನಲ್ಲಪ್ಪ. ನಿಮ್ಮವರನ್ನು ಹಸಿವಿಗೆ ತಳ್ಳಿದ್ದು ಅನ್ಯಾಯ ಅನ್ನೋದಕ್ಕೆ ಮೀಥೈಲ್ ಬಂದು ಸಾಕ್ಷಿ ಹೇಳಬೇಕಾಗಿಲ್ಲ." ಹುಟ್ಟಿನಿಂದ ಮನುಷ್ಯರನ್ನು ಮೇಲು ಕೀಳು ಅಂತ ಅಳೆಯೋ ರೂಢಿ ಇರುವ ದೇಶ ನಮ್ಮದು. ಇಲ್ಲಿ 'ಹಾಳಾದ ಜೀನ್' ಅನ್ನೋ ಮಾತು ಆ ಹಳೇ ತಕ್ಕಡಿಗೆ ಹೊಸ ಬಟ್ಟು ಕೊಟ್ಟ ಹಾಗೆ.

ಹಾಗಂತ ಎಪಿಜೆನೆಟಿಕ್ಸ್ ಬಗ್ಗೆ ಸುಮ್ಮನಿರಬೇಕಾ? ಬೇಡ. ಬಸಿರಿಯ ತಟ್ಟೆ, ಅವಳ ವಿಶ್ರಾಂತಿ ಎಷ್ಟು ಮುಖ್ಯ ಅನ್ನೋದಕ್ಕೆ ಇದು ಒಳ್ಳೇ ಆಧಾರ. ಮುಂದಿನ ಸಲ ವಾಟ್ಸಾಪಿನಲ್ಲಿ ಇಂಥ ಸುದ್ದಿ ಬಂದಾಗ ಫಾರ್ವರ್ಡ್ ಮಾಡೋ ಮುಂಚೆ ಮೂರು ಮಾತು ಕೇಳಿಕೊಳ್ಳಿ. ಇದು ಕಂಡದ್ದು ಇಲಿಯಲ್ಲೋ ಮನುಷ್ಯರಲ್ಲೋ? ವ್ಯತ್ಯಾಸ ಎಷ್ಟು? ಬದಲಾಗಬೇಕಾದವರು ಯಾರು ಅಂತ ಇದು ಹೇಳ್ತಿದೆ, ಆ ತಾಯಿಯೋ, ಅವಳ ಮನೆಯವರೋ, ನಲ್ಲಿಗೆ ನೀರು ಬಿಡಬೇಕಾದ ಪಂಚಾಯಿತಿಯೋ? ಮೂರನೆಯದನ್ನು ನಾವು ಕೇಳೋದೇ ಕಡಿಮೆ. ಶುರು ಅಲ್ಲಿಂದಲೇ ಮಾಡಿ.