ಮೊದಲ ನೌಕರಿಗೆ ಸಹಿ ಹಾಕುವ ಮುನ್ನ: ನರ್ಸಿಂಗ್ ಕಲಿತ ನಮ್ಮ ಹೆಣ್ಣುಮಕ್ಕಳಿಗೆ



ನಾನು ನರ್ಸ್ ಅಲ್ಲ, ಐಟಿ ಕೆಲಸದವಳು. ಆದರೂ ಈ ವಿಷಯ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಐಟಿಯಲ್ಲಿ ಆಫರ್ ಲೆಟರ್‌ನ ಪ್ರತಿ ಸಾಲನ್ನೂ ಓದಿ ಸಹಿ ಹಾಕುತ್ತೇವೆ. ನರ್ಸಿಂಗ್ ಮುಗಿಸಿದ ನಮ್ಮ ಮನೆಗಳ ಹುಡುಗಿಯರು ಮಾತ್ರ "ಕೈಗೆ ಎಷ್ಟು ಸಿಗುತ್ತದೆ?" ಎಂದಷ್ಟೇ ಕೇಳಿ ಸೇರಿಬಿಡುತ್ತಾರೆ.

ಎಎನ್‌ಎಂ 2 ವರ್ಷದ ಕೋರ್ಸ್, ಜಿಎನ್‌ಎಂ 3 ವರ್ಷದ್ದು. ಯಾವುದೇ ಆಗಲಿ, ಇಲ್ಲಿ ದುಡಿಯಲು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಬೇಕು. ಮಂಗಳೂರು, ಉಡುಪಿ ಕಡೆ ಓದಿ ಬಂದವರು ಈ ಕೆಲಸವನ್ನು ಮೊದಲು ಮುಗಿಸಿಕೊಳ್ಳಬೇಕು.

ಮುಂದೆ ಮೂರು ದಾರಿಗಳಿವೆ. ಮೊದಲನೆಯದು ಸರಕಾರಿ ಮತ್ತು ಮಹಾನಗರಪಾಲಿಕೆಯ ಕೆಲಸ. ಕೆಇಎಂ, ನಾಯರ್, ಸಯನ್, ಕೂಪರ್‌ನಂಥ ಆಸ್ಪತ್ರೆಗಳಲ್ಲಿ ಸಂಬಳ, ಭದ್ರತೆ ಎರಡೂ ಚೆನ್ನಾಗಿವೆ. ಆದರೆ ಭರ್ತಿಯ ಜಾಹೀರಾತಿಗೆ ಕಾಯಬೇಕು, ಮರಾಠಿ ಓದಲು ಬರೆಯಲು ಬರಬೇಕು. ಎರಡನೆಯದು ಖಾಸಗಿ ಆಸ್ಪತ್ರೆ ಮತ್ತು ನರ್ಸಿಂಗ್ ಹೋಮ್. ಮೂರನೆಯದು ಬ್ಯೂರೋ ಮೂಲಕ ಮನೆಗಳಲ್ಲಿ ರೋಗಿಯ ಆರೈಕೆ. ಇಲ್ಲಿ ದಿನದ ಲೆಕ್ಕದಲ್ಲಿ ಹಣ ಬೇಗ ಕೈಸೇರುತ್ತದೆ. ಆದರೆ 12 ಗಂಟೆಯ ಪಾಳಿ, ಬ್ಯೂರೋದ ಕಮಿಷನ್. ರಜೆ ಹಾಕಿದ ದಿನ ದುಡ್ಡಿಲ್ಲ. ವಾರ್ಡ್, ಐಸಿಯುವಿನ ಅನುಭವವೂ ದಕ್ಕುವುದಿಲ್ಲ.

ಖಾಸಗಿ ಆಸ್ಪತ್ರೆಯಲ್ಲಿ ಎಷ್ಟು ಕೇಳಬಹುದು? 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ಸರಕಾರ ನೇಮಿಸಿದ ಸಮಿತಿ, ಚಿಕ್ಕ ಆಸ್ಪತ್ರೆಯಲ್ಲೂ ನರ್ಸ್‌ಗಳ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ರಾಜ್ಯ ಸರಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು ಎಂದಿತು. ಇದು ಶಿಫಾರಸು ಮಾತ್ರ. ಆದರೂ ಮಾತಾಡುವಾಗ ಕೈಯಲ್ಲೊಂದು ಆಧಾರ.

ಒಂದು ಲೆಕ್ಕ ನೋಡೋಣ. ಒಂದು ಕಡೆ ಒಟ್ಟು 18,000, ಅದರಲ್ಲಿ ಮೂಲವೇತನ 12,000 ಎಂದುಕೊಳ್ಳಿ. ಪಿಎಫ್ ಶೇ. 12ರಂತೆ 1,440, ಇಎಸ್‌ಐ ಶೇ. 0.75ರಂತೆ 135 ಕಡಿತ. ಮಹಾರಾಷ್ಟ್ರದಲ್ಲಿ 25,000ದವರೆಗೆ ಮಹಿಳೆಯರಿಗೆ ವೃತ್ತಿ ತೆರಿಗೆ ಇಲ್ಲ. ಕೈಗೆ 16,425. ಇನ್ನೊಂದು ಕಡೆ ಪಿಎಫ್, ಇಎಸ್‌ಐ, ಸಂಬಳದ ಚೀಟಿ ಯಾವುದೂ ಇಲ್ಲದೆ 17,000 ನಗದು. ನಗದೇ ಹೆಚ್ಚೆಂದು ಕಾಣುತ್ತದೆ. ಆದರೆ ಮೊದಲ ಕಡೆ ಆಸ್ಪತ್ರೆಯೂ ನಿಮ್ಮ ಪಿಎಫ್‌ಗೆ ತನ್ನ ಪಾಲು ಹಾಕುತ್ತದೆ, ಇಎಸ್‌ಐಯಿಂದ ನಿಮಗೂ ಅವಲಂಬಿತರಿಗೂ ಚಿಕಿತ್ಸೆ ಸಿಗುತ್ತದೆ. ನಾಳೆ ದೊಡ್ಡ ಆಸ್ಪತ್ರೆಗೋ ವಿದೇಶಕ್ಕೋ ಹೋಗುವಾಗ ಅನುಭವಕ್ಕೆ ದಾಖಲೆಯೂ ಇರುತ್ತದೆ.

ಆದ್ದರಿಂದ ಸೇರುವ ಮೊದಲು ಕೇಳಿ: ನೇಮಕಾತಿ ಪತ್ರ ಕೊಡುತ್ತೀರಾ? ಯಾವ ವಾರ್ಡ್, ಎಷ್ಟು ರೋಗಿಗಳು? ರಾತ್ರಿ ಪಾಳಿ ತಿಂಗಳಿಗೆ ಎಷ್ಟು? ಹಾಸ್ಟೆಲ್ ಇದೆಯೇ, ಅದರ ಹಣ ಸಂಬಳದಿಂದ ಕಡಿತವೇ? ಬಾಂಡ್ ಇದೆಯೇ? ಮೂಲ ಸರ್ಟಿಫಿಕೇಟ್ ತೋರಿಸಿ, ಜೆರಾಕ್ಸ್ ಕೊಡಿ, ಮೂಲವನ್ನು ವಾಪಸ್ ತನ್ನಿ. ಡೊಂಬಿವಲಿಯಿಂದ ಪರೇಲ್‌ಗೆ ಲೋಕಲ್‌ನಲ್ಲಿ ಓಡಾಡುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಾಯಂದಿರೇ, "ಸಿಕ್ಕಿದ್ದಕ್ಕೆ ಸೇರಿಕೋ ಮಗಾ" ಎಂದು ಅವಸರ ಮಾಡಬೇಡಿ. ನಮ್ಮ ವಿಭಾಗದಲ್ಲಿ ಅನುಭವಿ ಸಿಸ್ಟರ್‌ಗಳಿದ್ದಾರೆ. ಸಹಿ ಹಾಕುವ ಮುನ್ನ ಪತ್ರವನ್ನು ಅವರಿಗೆ ತೋರಿಸಿ. ಸಂಬಳದ ಲೆಕ್ಕ ಬಿಡಿಸಿ ಹೇಳಲು ನಾನೂ ಇದ್ದೇನೆ.